ಕ್ರೇನ್ ಗಾಡಿಯ ಮನೆ

ಸಾಗರದ ಪೇಟೆಯಲ್ಲಿ ನಿಂತು ನನ್ನ ಅಪ್ಪಯ್ಯನ ಹೆಸರು ಹೇಳಿ ಮನೆ ಕೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ‘ಕ್ರೇನಿನ ಮನೆ’ ಎಂದರೆ ಮಾತ್ರ ಚಿಕ್ಕ ಮಕ್ಕಳೂ ಜೋಗದ ರಸ್ತೆಯ ಕಡೆ ಕೈ ತೋರಿಸುತ್ತಿದ್ದರು. ಊರು ಮುಗಿಯುವಲ್ಲಿ, ರಸ್ತೆಗೆ ಅಂಟಿಕೊಂಡಂತೆ ನಮ್ಮ ಮನೆಯಿತ್ತು. ಮನೆಗೆ ಅಂಟಿಕೊಂಡಂತೆ ತಗಡಿನ ಶೆಡ್ಡು. ಎರಡಕ್ಕೂ ನಡುವೆ ಒಂದೇ ಗೋಡೆ, ಆ ಗೋಡೆಯಲ್ಲಿ ಅಡುಗೆಮನೆಯ ಕಿಟಕಿ. ಅಮ್ಮ ಒಗ್ಗರಣೆ ಹಾಕಿದರೆ ಶೆಡ್ಡಿನಲ್ಲಿ ಕೆಲಸ ಮಾಡುವವರು ಸೀನುತ್ತಿದ್ದರು. ಅಪ್ಪಯ್ಯ ಎಂಜಿನ್ ಚಾಲೂ ಮಾಡಿದರೆ ನಮ್ಮ ತಟ್ಟೆ ಲೋಟಗಳು ಗಲಗಲ ಎನ್ನುತ್ತಿದ್ದವು. ಒಳಗೂ ಅಷ್ಟೆ, ಯಾವುದು ಮನೆಯ ಸಾಮಾನು, ಯಾವುದು ಗಾಡಿಯ ಸಾಮಾನು ಎಂದು ಹೊರಗಿನವರಿಗೆ ಗೊತ್ತಾಗುತ್ತಿರಲಿಲ್ಲ. ನಡುಮನೆಯ ಅಟ್ಟದ ಮೇಲೆ ಉಪ್ಪಿನಕಾಯಿ ಭರಣಿಗಳ ಪಕ್ಕದಲ್ಲೇ ಸುರುಳಿ ಸುತ್ತಿದ ಉಕ್ಕಿನ ಹಗ್ಗಗಳು ಮಲಗಿರುತ್ತಿದ್ದವು. ಹಲಸಿನ ಹಣ್ಣಿನಷ್ಟು ದಪ್ಪದ, ಹಗ್ಗ ಹಾಯಿಸುವ ಪುಲ್ಲಿಯೊಂದು ಬಾಗಿಲು ಬಡಿದುಕೊಳ್ಳದಂತೆ ತಡೆಯಲು ಜಗಲಿಯಲ್ಲಿ ಕೂತಿತ್ತು. ನನ್ನ ತೊಟ್ಟಿಲು ಕಟ್ಟಲು ಗಟ್ಟಿ ಕೊಂಡಿ ಬೇಕೆಂದು ಅಜ್ಜಮ್ಮ ಕೇಳಿದಾಗ ಅಪ್ಪಯ್ಯ ಲಾರಿ ಎತ್ತುವ ಹುಕ್ಕನ್ನೇ ತೊಲೆಗೆ ಹಾಕಿಕೊಟ್ಟನಂತೆ. ‘ಕೂಸು ಎಷ್ಟು ದಪ್ಪ ಆದ್ರೂ ಹೆದ್ರಿಕೆ ಇಲ್ಲ’ ಎಂದು ನೆಂಟರೆಲ್ಲ ನಗುತ್ತಿದ್ದರಂತೆ. ಬಚ್ಚಲಿನಲ್ಲಿ ಸೋಪಿಗಿಂತ ಮೊದಲು ಕಾಣುತ್ತಿದ್ದದ್ದು ಗ್ರೀಸ್ ತೊಳೆಯುವ ಸೀಮೆಎಣ್ಣೆಯ ಡಬ್ಬ ಮತ್ತು ಮರದ ಹೊಟ್ಟು.

ನಮ್ಮ ಗಾಡಿ ಲಿಂಗನಮಕ್ಕಿ ಅಣೆಕಟ್ಟಿನ ಕೆಲಸಕ್ಕೆಂದು ಬಂದದ್ದು. ಅದಕ್ಕೂ ಮೊದಲು ಮಿಲ್ಟ್ರಿಯಲ್ಲಿತ್ತು ಎಂದು ಅಪ್ಪಯ್ಯ ಹೇಳುತ್ತಿದ್ದ. ಅಣೆಕಟ್ಟು ಮುಗಿದ ಮೇಲೆ ಹುಲ್ಲಿನ ನಡುವೆ ತುಕ್ಕು ಹಿಡಿಯುತ್ತ ನಿಂತಿದ್ದ ಅದನ್ನು, ಆಗ ಮರದ ದಿಮ್ಮಿ ಸಾಗಿಸುವ ನಾಟಾ ಲಾರಿಗಳ ಗ್ಯಾರೇಜಿನಲ್ಲಿ ಮೇಸ್ತ್ರಿಯಾಗಿದ್ದ ಅಪ್ಪಯ್ಯ ಹರಾಜಿನಲ್ಲಿ ಹಿಡಿದು, ಮದುವೆಗೂ ಮುಂಚೆಯೇ ಮನೆಗೆ ತಂದಿದ್ದ. ಮುಂದಿನ ಗಾಲಿಗಳೂ ಎಂಜಿನ್ನಿನ ಬಲದಿಂದಲೇ ತಿರುಗುವ ಗಾಡಿ ಅದು. ಬೇರೆ ಲಾರಿಗಳು ಹೂತುಹೋಗುವ ಕೆಸರಿನಲ್ಲಿ ಅದು ಗೊಣಗಿಕೊಂಡು ನಡೆದು ಬರುತ್ತಿತ್ತು. ಹಳೆಯ ರೈಲು ಕಂಬಿಗಳನ್ನು ಬೆಸೆದು ಅಪ್ಪಯ್ಯ ಅದರ ಬೆನ್ನಿಗೆ ಒಂದು ತೋಳು ಮಾಡಿದ. ಮೊದಮೊದಲು ಹಗ್ಗ ಸುತ್ತುವ ಅದರ ವಿಂಚನ್ನು ಕೈಯಲ್ಲಿ ತಿರುಗಿಸಬೇಕಿತ್ತು. ಆಮೇಲೆ ಎಂಜಿನ್ನಿನಿಂದಲೇ ತಿರುಗುವಂತೆ ಮಾಡಿ, ಹಿಡಿತಕ್ಕೆ ಕ್ಯಾಬಿನ್ನಿನ ಹಿಂದೆ ಒಂದು ಉದ್ದದ ಲಿವರ್ ಕೂರಿಸಿದ. ಅಜ್ಜಮ್ಮನ ಕಾಲದಲ್ಲಿ ಚರಂಡಿಗೆ ಬಿದ್ದ ಲಾರಿಯನ್ನು ಎಳೆಯಲು ಕಾಡಿನಲ್ಲಿ ಮರ ಕಡಿಯುವ ಕೂಪಿನಿಂದ ಆನೆ ಬರುತ್ತಿತ್ತಂತೆ. ಆನೆ ಸಿಗದಿದ್ದರೆ ಊರ ಗಂಡಸರೆಲ್ಲ ಸೇರಿ ‘ಐಸಾ’ ಎಂದು ಕೂಗುತ್ತ ಹಗ್ಗ ಜಗ್ಗುತ್ತಿದ್ದರಂತೆ. ಹಾಗಾಗಿ ಅಜ್ಜಮ್ಮನ ಬಾಯಲ್ಲಿ ನಮ್ಮ ಗಾಡಿ ಯಾವಾಗಲೂ ‘ಆನೆ’ಯೇ. ಆಯುಧಪೂಜೆಯ ದಿನ ಮೊದಲ ಕಡುಬು ಅದರ ಬಾನೆಟ್ಟಿನ ಮೇಲೆ ಬೀಳದೆ ಮನೆಯವರ ಎಲೆಗೆ ಬೀಳುತ್ತಿರಲಿಲ್ಲ. ಈಗ ನಾನು ನಡೆಸುವ ಗಾಡಿ ಬೇರೆಯದೇ ಲೋಕದ್ದು. ಅದರ ತೋಳು ಎಲ್ಲ ದಿಕ್ಕಿಗೂ ತಿರುಗುತ್ತದೆ. ಹುಡುಗರು ದೂರದಲ್ಲಿ ನಿಂತು ಕೈಯಲ್ಲಿರುವ ರಿಮೋಟಿನ ಗುಂಡಿ ಒತ್ತಿದರೆ ತುಂಬಿದ ಟ್ಯಾಂಕರು ಹೂವಿನ ಬುಟ್ಟಿಯ ಹಾಗೆ ಮೇಲೇಳುತ್ತದೆ. ನೋಡಲು ಬಂದವರು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಹೋಗುತ್ತಾರೆ. ಆದರೂ ಬಲ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ನೆನಪಾಗುವುದು ಆ ಹಳೆಯ ಗಾಡಿ, ಅದರ ಬಗ್ಗೆ ನಮ್ಮ ಮನೆಯಲ್ಲಿ ನಡೆಯುತ್ತಿದ್ದ ಜಗಳ ಮತ್ತು ಲಲಿತತ್ತೆಯ ಮದುವೆ.

ಜಗಳ ಊಟದ ಹೊತ್ತಿನದು. ಅಪ್ಪಯ್ಯ ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತು ಸಾರು ಕಲಸುವ ಹೊತ್ತಿಗೆ ಸರಿಯಾಗಿ ಅಂಗಳದಲ್ಲಿ ಯಾರಾದರೂ ಬಂದು ನಿಲ್ಲುತ್ತಿದ್ದರು. ಲಾರಿಯ ಕ್ಲೀನರ್ರೋ, ಟ್ರ್ಯಾಕ್ಟರಿನ ಮಾಲೀಕರೋ, ಹೊನ್ನೆಮರಡಿನ ಹಿನ್ನೀರಿನ ಅಂಚಿನಲ್ಲಿ ಜೀಪು ಹೂತುಹಾಕಿಕೊಂಡವರೋ. ಅಪ್ಪಯ್ಯನ ಕೈ ತಟ್ಟೆಯಲ್ಲೇ ನಿಲ್ಲುತ್ತಿತ್ತು. ಅಮ್ಮ ಒಳಗಿನಿಂದಲೇ ಶುರು ಮಾಡುತ್ತಿದ್ದಳು.

“ಚರಂಡಿಲಿ ಬಿದ್ದ ಲಾರಿ ಎಲ್ಲಿಗೆ ಓಡಿ ಹೋಗ್ತದೆ? ಮಜ್ಜಿಗೆ ತನಕ ಆದ್ರೂ ಕೂತ್ಕಳಿ.”

“ರಸ್ತೆಗೆ ಅಡ್ಡ ಬಿದ್ದಿದ್ಯಂತೆ ಮಾರಾಯ್ತಿ. ಬಸ್ಸಿನಲ್ಲಿ ಮಕ್ಳು ಮರಿ ಇರ್ತಾವೆ.”

“ಈ ಮನೇಲೂ ಮಕ್ಳು ಮರಿ ಇದಾವೆ. ಅವು ನಿಮ್ಮ ಮುಖ ನೋಡ್ಬೇಕಂದ್ರೆ ಚರಂಡಿಗೆ ಬೀಳ್ಬೇಕು ಅಷ್ಟೆ.”

ಅಪ್ಪಯ್ಯ ನಗು ತಡೆದುಕೊಂಡು ಎದ್ದು ಹೋಗುತ್ತಿದ್ದ. ಅವನ ಜೊತೆ ಕೆಲಸಗಾರ ಬಾಬಣ್ಣ. ಅಪ್ಪಯ್ಯ ಹಗ್ಗದ ಹತ್ತಿರ ನಿಂತು ಕೈಸನ್ನೆ ಮಾಡುವವನು, ಬಾಬಣ್ಣ ಲಿವರ್ ಹಿಡಿಯುವವನು. ಗಾಡಿ ಹೊರಟ ಮೇಲೆ ಅಮ್ಮ ಆ ತಟ್ಟೆಯನ್ನು ಮುಚ್ಚಿಟ್ಟು, ಗಾಡಿ ಮರಳುವವರೆಗೆ ಅಡುಗೆಮನೆಯ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ಖಾಲಿ ಶೆಡ್ಡನ್ನು ನೋಡುತ್ತ ಕಾಯಿ ತುರಿಯುತ್ತಿದ್ದಳು. ಅಮ್ಮನಿಗೆ ಗಾಡಿಯೆಂದರೆ ಆಗದು ಎಂದೇ ನಾನು ತಿಳಿದಿದ್ದೆ. ಒಂದು ದಿನ ಹಾಗೆಯೇ ಅಜ್ಜಮ್ಮನ ಹತ್ತಿರ ಹೇಳಿಯೂಬಿಟ್ಟೆ. ಅಜ್ಜಮ್ಮ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ನನ್ನನ್ನು ಹತ್ತಿರ ಕೂರಿಸಿಕೊಂಡಳು.

“ಆಗದು ಅಂತ ಯಾರು ಹೇಳಿದ್ದು ನಿಂಗೆ? ಮದುವೆ ಆದ ಹೊಸತರಲ್ಲಿ ಲಿವರ್ ಹಿಡೀತಿದ್ದಿದ್ದೇ ನಿಮ್ಮಮ್ಮ. ಬಾಬಣ್ಣ ಎಲ್ಲಿದ್ದ ಆಗ? ಸೆರಗು ಸೊಂಟಕ್ಕೆ ಸಿಕ್ಕಿಸ್ಕಂಡು ನಿಂತ್ಲು ಅಂದ್ರೆ ಊರೋರು ಕೆಲಸ ಬಿಟ್ಟು ನೋಡ್ತಿದ್ರು.”

“ಮತ್ತೆ ಎಂತಕ್ಕೆ ಬಿಟ್ಲು?”

“ಹೊಸನಗರದ ಕಡೆ ಒಂದು ನಾಟಾ ಲಾರಿ ಎಳೀತಿದ್ರು. ರೋಪು ಹರೀತು ಕಣೆ. ನಿಮ್ಮಪ್ಪನ ತಲೆ ಮೇಲೇ ಬೀಸ್ಕಂಡು ಹೋಗಿ ಹಿಂದಿದ್ದ ಮರದ ಕೊಂಬೆ ಕಡೀತು. ಅವನಿಗೆ ಒಂದು ಗೀರೂ ಆಗ್ಲಿಲ್ಲ. ಇವಳು ಲಿವರ್ ಬಿಟ್ಟು ಇಳಿದೋಳು, ಮತ್ತೆ ಆನೆ ಹತ್ತಲಿಲ್ಲ.”

ಅವತ್ತಿನಿಂದ ನಾನು ಕಿಟಕಿಯ ಮುಂದೆ ನಿಂತ ಅಮ್ಮನನ್ನು ಬೇರೆ ಥರ ನೋಡತೊಡಗಿದೆ. ಊಟದ ಹೊತ್ತಿನ ಜಗಳ ಕೇಳಿದರೆ ಮೊದಲಿನ ಹಾಗೆ ನಗು ಬರುತ್ತಿರಲಿಲ್ಲ. ಆದರೂ ಅವಳು ಸೆರಗು ಸಿಕ್ಕಿಸಿಕೊಂಡು ಲಿವರ್ ಹಿಡಿದು ನಿಂತ ಚಿತ್ರ ಮಾತ್ರ ಎಷ್ಟು ಪ್ರಯತ್ನಿಸಿದರೂ ಕಣ್ಣಿಗೆ ಕಟ್ಟುತ್ತಿರಲಿಲ್ಲ.

ಲಲಿತತ್ತೆ ಅಪ್ಪಯ್ಯನ ಒಬ್ಬಳೇ ತಂಗಿ. ಅಜ್ಜ ತೀರಿಹೋಗಿದ್ದರಿಂದ ಅವಳನ್ನು ಧಾರೆ ಎರೆದು ಕೊಡಬೇಕಾದವರು ಅಪ್ಪಯ್ಯ ಮತ್ತು ಅಮ್ಮ. ಗಂಡು ತೀರ್ಥಹಳ್ಳಿಯ ಕಡೆಯವರು, ಶಾಲೆಯ ಮೇಷ್ಟರು. ಮದುವೆ ನಮ್ಮ ಅಂಗಳದಲ್ಲೇ ಎಂದು ನಿಶ್ಚಯವಾಯಿತು. ಗಾಡಿಯನ್ನು ಶೆಡ್ಡಿನ ಮೂಲೆಗೆ ಒತ್ತರಿಸಿ, ಉಳಿದ ಜಾಗಕ್ಕೆ ಅಡುಗೆಯ ಒಲೆಗಳು ಬಂದವು. ಅಮ್ಮ ಅಪ್ಪಯ್ಯನಿಂದ ಒಂದು ಮಾತು ತೆಗೆದುಕೊಂಡಳು. ಮದುವೆಯ ದಿನ ಗಾಡಿ ಕದಲಬಾರದು, ಯಾರೇ ಬಂದು ಕರೆದರೂ. ಅಪ್ಪಯ್ಯ ಗಾಡಿಯ ಕೀಲಿಯನ್ನು ತಂದು ಅವಳ ಕೈಯಲ್ಲಿಟ್ಟ. ಅವಳು ಅದನ್ನು ಸೊಂಟದ ಗೊಂಚಲಿಗೆ ಸೇರಿಸಿಕೊಂಡಳು.

ಮದುವೆಯ ಬೆಳಿಗ್ಗೆ ಓಲಗದವರು ಆಗಷ್ಟೇ ಶ್ರುತಿ ಹಿಡಿದಿದ್ದರು. ನನಗೆ ಹೊಸ ಲಂಗ, ಜಡೆಗೆ ಮಲ್ಲಿಗೆ. ಬಾಬಣ್ಣ ದೊಡ್ಡ ಹಂಡೆಗಳನ್ನು ತರಲು ತಾಳಗುಪ್ಪಕ್ಕೆ ಹೋಗಿದ್ದ. ನಸುಕಿನಲ್ಲೇ ತೀರ್ಥಹಳ್ಳಿ ಬಿಟ್ಟ ಗಂಡಿನ ಕಡೆಯ ದಿಬ್ಬಣ ಇನ್ನೇನು ಬರಬೇಕು ಎಂದು ಹೆಂಗಸರು ಆರತಿಯ ತಟ್ಟೆ ಸಿದ್ಧ ಮಾಡುತ್ತಿದ್ದಾಗ, ಯಾರದೋ ಮೋಟಾರ್ ಸೈಕಲ್ಲಿನ ಹಿಂದೆ ಕೂತು ದಿಬ್ಬಣದ ಬಸ್ಸಿನ ಕ್ಲೀನರ್ ಬಂದ. ಮೈಯೆಲ್ಲ ಕೆಂಪು ಧೂಳು.

“ಕ್ರೇನಿನ ಮನೆ ಇದೇ ಅಲ್ದಾ? ದಿಬ್ಬಣದ ಬಸ್ಸು ವಾಲಿದೆ ಅಣ್ಣಾ, ಬಟ್ಟೆಮಲ್ಲಪ್ಪದಿಂದ ಈಚೆ ತಿರುವಿನಲ್ಲಿ. ದನ ಅಡ್ಡ ಬಂತು. ಜನಕ್ಕೆ ಎಂತ ಆಗ್ಲಿಲ್ಲ. ಆದ್ರೆ ಮದುಮಗನ ಅಜ್ಜಿ ಒಳಗೇ ಇದಾರೆ.”

ತಾನು ಹುಡುಕಿಕೊಂಡು ಬಂದ ಕ್ರೇನಿನ ಮನೆಯೇ ಮದುವೆಯ ಮನೆ ಎಂಬುದು ಚಪ್ಪರ ನೋಡಿದ ಮೇಲೆ ಅವನಿಗೆ ಹೊಳೆಯಿತು. ಓಲಗ ನಿಂತುಹೋಯಿತು. ಲಲಿತತ್ತೆ ಕೋಣೆಯ ಬಾಗಿಲಿಗೆ ಬಂದು ನಿಂತಳು, ಅರ್ಧ ಜಡೆ ಹೆಣೆದಿತ್ತು. ಅಪ್ಪಯ್ಯ ಅಮ್ಮನ ಮುಖ ನೋಡಿದ. ಅಮ್ಮ ಸೊಂಟದಿಂದ ಕೀಲಿ ಬಿಚ್ಚಿದಳು. ಆದರೆ ಬಾಬಣ್ಣ ಇರಲಿಲ್ಲ. ಚಪ್ಪರದಲ್ಲಿದ್ದ ಗಂಡಸರೆಲ್ಲ ‘ನಾನು ಬರ್ತೀನಿ, ನಾನು ಹಿಡೀತೀನಿ’ ಎಂದು ಎದ್ದರು. ಅಮ್ಮ ಕೀಲಿಯನ್ನು ಅಪ್ಪಯ್ಯನಿಗೆ ಕೊಡದೆ ಮುಷ್ಟಿಯಲ್ಲೇ ಇಟ್ಟುಕೊಂಡು ಹೇಳಿದಳು.

“ಗೊತ್ತಿಲ್ದೋರ ಕೈಗೆ ಲಿವರ್ ಕೊಟ್ಟು ನೀವು ರೋಪಿನ ಹತ್ರ ನಿಲ್ಲೋದು ಬೇಡ. ನಾನು ಬರ್ತೀನಿ. ಗಾಲಿಗೆ ಕಲ್ಲು ಕೊಡೋಕೆ ಇವಳು ಬರ್ಲಿ.”

ಇವಳು ಎಂದರೆ ನಾನು. ನಿಂತ ಗಾಡಿ ಉರುಳದಂತೆ ಗಾಲಿಗೆ ಕಲ್ಲು ಕೊಡುವುದು ನಮ್ಮ ಮನೆಯ ಮಕ್ಕಳು ನಡೆಯುವ ಮೊದಲೇ ಕಲಿಯುವ ವಿದ್ಯೆ. ಪುರೋಹಿತರು ಪಂಚಾಂಗ ತಿರುವಿ, ‘ಈ ಲಗ್ನ ತಪ್ಪಿದ್ರೂ ಮಧ್ಯಾಹ್ನಕ್ಕೆ ಅಭಿಜಿನ್ ಮುಹೂರ್ತ ಇದೆ, ಹೋಗಿ ಬನ್ನಿ’ ಎಂದರು. ಅಜ್ಜಮ್ಮ ಗಾಡಿಯ ಮೂತಿಗೆ ಕುಂಕುಮ ಹಚ್ಚಿದಳು. ಅಮ್ಮ ಧಾರೆಗೆಂದು ಉಟ್ಟ ರೇಷ್ಮೆ ಸೀರೆಯಲ್ಲೇ ಹತ್ತಿ ಕೂತಳು. ದಾರಿಯುದ್ದಕ್ಕೂ ಅಮ್ಮ ತನ್ನ ಬಲಗೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ತಿರುವಿನಲ್ಲಿ ಜಾತ್ರೆಗೆ ಸೇರುವಷ್ಟು ಜನ. ಒಂದು ಕಡೆ ಗುಡ್ಡ ಕಡಿದ ಎತ್ತರದ ಧರೆ, ಇನ್ನೊಂದು ಕಡೆ ಹಳ್ಳಕ್ಕೆ ಇಳಿಯುವ ಇಳಿಜಾರು. ಬಸ್ಸಿನ ಎಡಗಡೆಯ ಗಾಲಿಗಳು ರಸ್ತೆ ಬಿಟ್ಟು ಜಾರಿ, ಇಡೀ ಬಸ್ಸು ಒಂದು ಮತ್ತಿ ಮರಕ್ಕೆ ಒರಗಿ ನಿಂತಿತ್ತು. ಅದರ ಹಿಂಭಾಗ ರಸ್ತೆಗೆ ಅಡ್ಡವಾಗಿತ್ತು. ಬಾಗಿಲು ಇಳಿಜಾರಿನ ಕಡೆಗೆ ಸಿಕ್ಕಿಕೊಂಡಿದ್ದರಿಂದ ಎಲ್ಲರೂ ಡ್ರೈವರಿನ ಕಡೆಯಿಂದಲೂ ಕಿಟಕಿಗಳಿಂದಲೂ ಹೊರಗೆ ಬಂದಿದ್ದರು. ಮದುಮಗ ಪೇಟವನ್ನು ಕಂಕುಳಲ್ಲಿ ಇಟ್ಟುಕೊಂಡು ರಸ್ತೆಯ ಮೇಲೆ ಅತ್ತಿತ್ತ ನಡೆಯುತ್ತಿದ್ದ. ಮಂಡಿ ಬಗ್ಗದ ಅವನ ಅಜ್ಜಿ ನಾಗಜ್ಜಿ ಮಾತ್ರ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ತಾಳಿಯ ಪೆಟ್ಟಿಗೆ ಇಟ್ಟುಕೊಂಡು ಉಳಿದಿದ್ದರು. ಯಾರಾದರೂ ಕರೆತರಲು ಒಳಗೆ ಕಾಲಿಟ್ಟರೆ ಬಸ್ಸು ಕದಲಿ ಮರ ಕಿರ್ ಎನ್ನುತ್ತಿತ್ತು.

ಅಪ್ಪಯ್ಯ ಸುತ್ತ ಒಮ್ಮೆ ನಡೆದು ನೋಡಿದ. ಗಾಡಿಯನ್ನು ರಸ್ತೆಯ ಮೇಲೆ ನಿಲ್ಲಿಸಿ, ಮೂತಿಯನ್ನು ಚೈನಿನಿಂದ ಒಂದು ಮರಕ್ಕೆ ಬಿಗಿದ. ನಾನು ಗಾಲಿಗಳಿಗೆ ಕಲ್ಲು ಕೊಟ್ಟೆ. ಧರೆಯ ಮೇಲಿನ ದೊಡ್ಡ ಹೊನ್ನೆ ಮರಕ್ಕೆ ಪುಲ್ಲಿ ಕಟ್ಟಿ, ಗಾಡಿಯ ಹಗ್ಗವನ್ನು ಅದರ ಮೂಲಕ ಹಾಯಿಸಿ ಬಸ್ಸಿನ ಅಡಿಯ ಚಾಸಿಗೆ ತೊಡಿಸಿದ. ಮೊದಲು ಬಸ್ಸು ಕದಲದಂತೆ ಹಗ್ಗ ಬಿಗಿಯಬೇಕು, ಆಮೇಲೆ ಅಜ್ಜಿಯನ್ನು ಇಳಿಸಬೇಕು, ಅದಾದ ಮೇಲೆ ಎಳೆತ. ಅಮ್ಮ ಲಿವರ್ ಮುಟ್ಟಿದಳು. ಹಗ್ಗ ನಿಧಾನಕ್ಕೆ ನೆಲ ಬಿಟ್ಟು ಎದ್ದು, ಸೆಟೆದು, ಟಿಣ್ ಎಂದಿತು. ಮರದ ಕಿರ್ ಸದ್ದು ನಿಂತಿತು. ಅಪ್ಪಯ್ಯ ಡ್ರೈವರಿನ ಬಾಗಿಲಿನಿಂದ ಒಳಗೆ ಹೋದ. ಹೊರಗಿದ್ದ ನಮಗೆಲ್ಲ ನಾಗಜ್ಜಿಯ ಧ್ವನಿ ಸ್ಪಷ್ಟವಾಗಿ ಕೇಳಿತು.

“ನನ್ನ ಎತ್ತೋಕೆ ಹೋದ್ರೆ ನಿನ್ನ ಸೊಂಟ ಹೋಗ್ತದೆ ಮಾರಾಯ. ಧಾರೆ ಎರೆಯೋನು ನೀನೇ ಅಲ್ದಾ? ಬಸ್ಸು ಎತ್ತೋಕೆ ಅಂತ ಬಂದೋನು ಬಸ್ಸೇ ಎತ್ತು. ನಾ ಕೂತಿರ್ತೀನಿ.”

ಅಪ್ಪಯ್ಯ ಬೇಡಿಕೊಂಡ, ಮದುಮಗ ಕಿಟಕಿಯಿಂದ ಬೇಡಿಕೊಂಡ. ಅಜ್ಜಿ ಎಲೆಪೆಟ್ಟಿಗೆ ಬಿಚ್ಚಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಕೂತರಂತೆ. ಆ ಭಾರದ ಜೀವವನ್ನು ವಾಲಿದ ಬಸ್ಸಿನಲ್ಲಿ ಎತ್ತಿ ತರುವುದು ನಿಜಕ್ಕೂ ಆಗುವಂಥದ್ದಾಗಿರಲಿಲ್ಲ. ಅಪ್ಪಯ್ಯ ಹೊರಬಂದು ಅಮ್ಮನಿಗೆ ವಿಷಯ ಹೇಳಿದ. ಒಳಗೆ ಜೀವ ಇಟ್ಟುಕೊಂಡೇ ಎಳೆಯಬೇಕು. ಅಮ್ಮ ಲಿವರಿನ ಹತ್ತಿರದಿಂದ ಇಳಿದೇಬಿಟ್ಟಳು. ಇನ್ನು ಹತ್ತುವುದಿಲ್ಲ ಎಂದುಕೊಂಡೆ ನಾನು. ಆದರೆ ಅವಳು ಗಾಡಿಯ ಹಿಂದಿನಿಂದ ಗೋಣಿಚೀಲಗಳನ್ನು ಎಳೆದು, ನನ್ನ ಕೈಯಲ್ಲಿ ಹಳ್ಳದ ನೀರು ತರಿಸಿ ನೆನೆಸಿ, ಬಿಗಿದ ಹಗ್ಗದ ಮೇಲೆ ಅಲ್ಲಲ್ಲಿ ಹೊದಿಸಿದಳು. ಹಗ್ಗ ಹರಿದರೂ ಬೀಸದಂತೆ ಭಾರ ಹಿಡಿಯಲಿ ಎಂದು. ಜನರನ್ನೆಲ್ಲ ದೂರ ಕಳಿಸಿದಳು. ಕೊನೆಗೆ ಅಪ್ಪಯ್ಯನ ಕಡೆ ತಿರುಗಿದಳು.

“ನೀವು ಅಲ್ಲಿ ನಿಲ್ಬೇಡಿ. ರೋಪಿಂದ ದೂರ, ಆ ಮರದ ಹಿಂದೆ ಹೋಗಿ.”

“ಅಲ್ಲಿ ನಿಂತ್ರೆ ನಿಂಗೆ ನಾನು ಕಾಣ್ಸಲ್ವಲ್ಲೆ.”

“ನಿಮ್ಮ ಕೈ ಕಾಣ್ಸಿದ್ರೆ ಸಾಕು. ತಲೆ ಕಾಣ್ಸೋದು ಬೇಡ.”

ಅಪ್ಪಯ್ಯ ಮರದ ಹಿಂದೆ ಹೋದ. ಅಲ್ಲಿಂದ ಮದುವೆಯ ಕಂಕಣ ಕಟ್ಟಿದ ಅವನ ಬಲಗೈ ಒಂದೇ ಹೊರಗೆ ಬಂತು. ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಲಿವರ್ ಹಿಡಿದಳು. ಕೈ ಮೆಲ್ಲಗೆ ಸುತ್ತು ಹಾಕಿದರೆ ಹಗ್ಗ ಮೆಲ್ಲಗೆ ಸುತ್ತುತ್ತಿತ್ತು. ಕೈ ಮುಷ್ಟಿಯಾದರೆ ನಿಲ್ಲುತ್ತಿತ್ತು. ಅಮ್ಮ ಬಸ್ಸನ್ನಾಗಲಿ ಜನರನ್ನಾಗಲಿ ನೋಡಲಿಲ್ಲ, ಆ ಕೈಯನ್ನು ಮಾತ್ರ ನೋಡಿದಳು. ಎಂಜಿನ್ನಿನ ಗುಡುಗಿಗೆ ನನ್ನ ಪಾದದಡಿಯ ನೆಲ ಅದುರುತ್ತಿತ್ತು. ಅಷ್ಟು ದೊಡ್ಡ ಬಲ ಅಮ್ಮನ ಬೆರಳಿನ ಕೆಳಗೆ ಬೆಣ್ಣೆ ತೆಗೆಯುವಷ್ಟು ನಾಜೂಕಾಗಿ ನಡೆಯುತ್ತಿತ್ತು. ಬಸ್ಸು ನರಳಿ, ಮತ್ತಿ ಮರದಿಂದ ಬಿಡಿಸಿಕೊಂಡು, ಅಂಗೈ ಅಗಲದಷ್ಟು ಎದ್ದಿತು. ಮತ್ತೊಂದು ಅಂಗೈ. ಒಳಗಿನಿಂದ ನಾಗಜ್ಜಿ ವರದಿ ಕೊಡುತ್ತಿದ್ದರು.

“ಎಲೆಪೆಟ್ಟಿಗೆ ಜಾರ್ತು... ಹಿಡ್ಕಂಡೆ! ಎಳೀರಿ, ಎಳೀರಿ. ತೊಟ್ಲಲ್ಲಿ ಕೂತಂಗೆ ಆಗ್ತಿದೆ.”

ಉಸಿರು ಹಿಡಿದು ನಿಂತಿದ್ದ ಜನ ಗೊಳ್ಳನೆ ನಕ್ಕರು. ಅಮ್ಮ ನಗಲಿಲ್ಲ. ಗಾಲಿಗಳು ರಸ್ತೆಯ ಅಂಚನ್ನು ಹತ್ತಿ, ಬಸ್ಸು ಒಮ್ಮೆ ತೂಗಾಡಿ ನೆಟ್ಟಗೆ ನಿಂತಿತು. ಮರದ ಹಿಂದಿನ ಕೈ ಮುಷ್ಟಿಯಾಯಿತು. ಅಮ್ಮ ಲಿವರನ್ನು ಕೂರಿಸಿ, ಹಗ್ಗ ಸಡಿಲಿಸಿ, ಅಲ್ಲೇ ಗಾಡಿಯ ಮೆಟ್ಟಿಲ ಮೇಲೆ ಕೂತು ಅಳತೊಡಗಿದಳು. ಅಪ್ಪಯ್ಯ ಓಡಿ ಬಂದು ಏನು ಮಾಡಬೇಕೆಂದು ತಿಳಿಯದೆ ಅವಳ ಮುಂದೆ ನಿಂತುಕೊಂಡ. ಅವಳು ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ಕೆನ್ನೆಯ ಮೇಲೆ ಗ್ರೀಸಿನ ಪಟ್ಟೆ. ಅಪ್ಪಯ್ಯ ಅದನ್ನು ನೋಡಿ ನಕ್ಕ, ಅವಳೂ ನಕ್ಕಳು. ಜನರ ಮುಂದೆ ಅವರಿಬ್ಬರು ಹಾಗೆ ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು. ದೊಡ್ಡವಳಾದ ಮೇಲೆ ಅಮ್ಮನ ಹಾಗೆ ಆಗಬೇಕು ಎಂದು ನನಗೆ ಅನಿಸಿದ್ದು ಕೂಡ ಆ ಗಳಿಗೆಯಲ್ಲೇ.

ನಾಗಜ್ಜಿ ತಾಳಿಯ ಪೆಟ್ಟಿಗೆ ಹಿಡಿದು ಬಾಗಿಲಿನಿಂದಲೇ ನಿಧಾನಕ್ಕೆ ಇಳಿದು ಬಂದರು. ನೇರವಾಗಿ ಅಮ್ಮನ ಹತ್ತಿರ ಬಂದು, ಮೇಲಿನಿಂದ ಕೆಳಗಿನ ತನಕ ನೋಡಿದರು.

“ಹೆಣ್ಣಿನ ಅತ್ತಿಗೆ ನೀನೇಯಾ? ಒಂದು ಸಲಾನೂ ಕುಲುಕ್ಲಿಲ್ಲ ನೋಡು ನನ್ನ. ನಿನ್ನ ಕೈಯಲ್ಲಿ ಬೆಳೆದ ಹೆಣ್ಣು ಅಂದ್ರೆ ಇನ್ನು ನಾ ಕೇಳೋದು ಎಂತದೂ ಇಲ್ಲ.”

ಮಧ್ಯಾಹ್ನದ ಹೊತ್ತಿಗೆ ಮುಂದೆ ಬಸ್ಸು, ಹಿಂದೆ ನಮ್ಮ ಗಾಡಿ ಚಪ್ಪರ ಸೇರಿದವು. ಓಲಗದವರು ಯಾರನ್ನು ಎದುರುಗೊಳ್ಳಬೇಕೆಂದು ತಿಳಿಯದೆ ಗಾಡಿಯ ಮುಂದೆಯೂ ಒಮ್ಮೆ ಊದಿದರು. ಅಮ್ಮ ಅಂಟುವಾಳ ಹಾಕಿ ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು ಮಂಟಪಕ್ಕೆ ಹೋಗುವ ಹಾಗೂ ಇರಲಿಲ್ಲ. ಧಾರೆಯ ಹೊತ್ತಿಗೆ ಪುರೋಹಿತರು ಆ ಕೈಗಳನ್ನು ನೋಡಿ ಒಂದು ಕ್ಷಣ ತಡೆದರು.

“ಎಂತ ನೋಡ್ತೀರಿ? ಮಂತ್ರ ಹೇಳಿ ಭಟ್ರೆ” ಎಂದು ನಾಗಜ್ಜಿ ಕೂತಲ್ಲಿಂದಲೇ ಗದರಿದರು.

ಕಪ್ಪು ಗೆರೆಗಳ ಆ ಕೈಗಳಿಂದ ಧಾರೆಯ ನೀರು ಲಲಿತತ್ತೆಯ ಮದರಂಗಿಯ ಕೈಗಳ ಮೇಲೆ ಬಿತ್ತು. ಅತ್ತೆ ತಲೆ ತಗ್ಗಿಸಿ ನಿಂತಿದ್ದಳು. ಅಳುತ್ತಿದ್ದಾಳೆ ಎಂದು ಎಲ್ಲರೂ ತಿಳಿದರು. ಪಕ್ಕದಲ್ಲಿದ್ದ ನನಗೆ ಮಾತ್ರ ಅವಳು ನಗು ತಡೆಯಲು ತುಟಿ ಕಚ್ಚಿಕೊಂಡದ್ದು ಕಾಣುತ್ತಿತ್ತು.

ಸಂಜೆ ಬಿಸಿಲು ಇಳಿಯುವ ಮೊದಲೇ ದಿಬ್ಬಣ ಹೊರಟಿತು. ಬಸ್ಸಿನ ಡ್ರೈವರಿಗೆ ಬೆಳಗಿನ ಹೆದರಿಕೆ ಇನ್ನೂ ಬಿಟ್ಟಿರಲಿಲ್ಲ. ಆ ತಿರುವು ದಾಟುವ ತನಕ ನಾವು ಹಿಂದೆ ಬರುತ್ತೇವೆ ಎಂದು ಹೇಳಿದ್ದು ಅಪ್ಪಯ್ಯನಲ್ಲ, ಅಮ್ಮ. ಬಸ್ಸಿನ ಹಿಂದಿನ ಗಾಜಿನಲ್ಲಿ ಲಲಿತತ್ತೆ ಕಣ್ಣೊರೆಸಿಕೊಳ್ಳುತ್ತ, ನಮ್ಮನ್ನು ನೋಡಿ ಕೈಬೀಸುತ್ತ ಹೋದಳು. ತಿರುವು ದಾಟಿದ ಮೇಲೆ ಬಸ್ಸು ಹಾರ್ನ್ ಹೊಡೆದು ಹೊಸನಗರದ ದಾರಿ ಹಿಡಿಯಿತು. ಅಪ್ಪಯ್ಯ ಗಾಡಿ ತಿರುಗಿಸಿದ. ಸಾಗರದ ಕಡೆ ಸ್ವಲ್ಪ ದೂರ ಬರುವಷ್ಟರಲ್ಲಿ, ಬಾಳೆಗೊನೆ ತುಂಬಿದ ಲಾರಿಯೊಂದು ರಸ್ತೆಯ ಪಕ್ಕದ ಮೆದು ಮಣ್ಣಿನಲ್ಲಿ ಗಾಲಿ ಹೂತು ನಿಂತಿತ್ತು. ಅದರ ಡ್ರೈವರ್ ತಲೆಗೆ ಟವೆಲ್ ಸುತ್ತಿಕೊಂಡು ಮೈಲಿಗಲ್ಲಿನ ಮೇಲೆ ಕೂತಿದ್ದ. ಅಪ್ಪಯ್ಯ ಗಾಡಿ ನಿಧಾನ ಮಾಡಿದ, ನಿಲ್ಲಿಸಲಿಲ್ಲ. ಅಮ್ಮನ ಕಡೆ ಓರೆಗಣ್ಣಲ್ಲಿ ನೋಡಿದ.

ಅಷ್ಟರಲ್ಲಿ ಅಮ್ಮ ಬಾಗಿಲು ತೆಗೆದಾಗಿತ್ತು. ಗಾಡಿ ನಿಲ್ಲುತ್ತಲೇ ರೇಷ್ಮೆ ಸೀರೆಯ ನಿರಿಗೆ ಎತ್ತಿ ಹಿಡಿದು ಇಳಿದು, ಲಾರಿಯ ಸುತ್ತ ಒಮ್ಮೆ ನಡೆದಳು. ಬಗ್ಗಿ ಹಿಂದಿನ ಗಾಲಿ ನೋಡಿದಳು, ಕಾಲಿನಿಂದ ಮಣ್ಣು ಒತ್ತಿ ನೋಡಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಸ್ಟೇರಿಂಗ್ ಹಿಡಿದು ಕೂತೇ ಇದ್ದ ಅಪ್ಪಯ್ಯನಿಗೆ ಕೂಗಿ ಹೇಳಿದಳು.

“ಸಣ್ಣ ರೋಪು ಸಾಕು ಕಣ್ರೀ. ಎಂತ ನೋಡ್ತಾ ಕೂತಿದೀರಿ? ಬನ್ನಿ, ಬೆಳಕು ಹೋಗ್ತಿದೆ.”

“ಬಂದೆ ಮಾರಾಯ್ತಿ, ಬಂದೆ” ಎಂದು ಅಪ್ಪಯ್ಯ ಧುಮುಕಿದ.